ಓದುಗರ ಪ್ರಶ್ನೆ, ನಮ್ಮ ಉತ್ತರ: ನೆಲ ಗುತ್ತಿಗೆಯದು, ತಾರಸಿ ಎಲ್ಲರದು

ಪ್ರಶ್ನೆ: ಶಿವಮೊಗ್ಗದ ವಿನೋಬನಗರದಲ್ಲಿ ಹನ್ನೆರಡು ಫ್ಲ್ಯಾಟ್‌ಗಳಿರುವ ಕಟ್ಟಡದ ಕೊನೆಯ ಅಂತಸ್ತಿನಲ್ಲಿ ನಾವಿದ್ದೇವೆ. ಜಾಗ ಬೇರೊಂದು ಕುಟುಂಬದ್ದು. ಬಿಲ್ಡರ್ ಅದನ್ನು 99 ವರ್ಷಗಳ ಗುತ್ತಿಗೆಗೆ ಪಡೆದು, ಕಟ್ಟಡ ಕಟ್ಟಿ, ನಮಗೆ ಫ್ಲ್ಯಾಟ್‌ಗಳನ್ನು ನೋಂದಣಿ ಮಾಡಿಕೊಟ್ಟಿದ್ದಾರೆ. ನಾವು ಮನೆಗೆ ಬಂದು ಆರು ವರ್ಷವಾಯಿತು. ನಾಲ್ಕನೆಯ ಮಳೆಗಾಲದಲ್ಲಿ ತಾರಸಿ ಸೋರಲು ಶುರುವಾಗಿ, ಈಗ ಹಾಲ್‌ನ ಸೀಲಿಂಗಿನ ಪ್ಲಾಸ್ಟರ್ ಹಪ್ಪಳದಂತೆ ಎದ್ದು ಬೀಳುತ್ತಿದೆ. ಆಗಲೇ ಬಿಲ್ಡರ್‌ಗೆ ವಾಟ್ಸ್ಯಾಪ್‌ನಲ್ಲಿ ಫೋಟೊ ಕಳಿಸಿದ್ದೆವು. ಈಗ ಅವರು ಐದು ವರ್ಷ ಮುಗಿಯಿತು ಎನ್ನುತ್ತಾರೆ. ಕೆಳಗಿನ ಮನೆಗಳವರು, ಸೋರುವುದು ನಿಮಗೆ, ನೀವೇ ಮಾಡಿಸಿಕೊಳ್ಳಿ ಎನ್ನುತ್ತಾರೆ. ಇ-ಖಾತಾ ನಮ್ಮ ಹೆಸರಿನಲ್ಲೇ ಇದೆ. ನಾವು ಮಾಲೀಕರೋ, ಬಾಡಿಗೆದಾರರೋ? ತಾರಸಿಯ ರಿಪೇರಿ ಯಾರದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ದಾಖಲೆಗಳ ವಿಷಯ. ಖಾತಾ ಎಂಬುದು ಆಸ್ತಿ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕು ಎಂದು ಪಾಲಿಕೆ ಇಟ್ಟುಕೊಳ್ಳುವ ದಾಖಲೆ. ಅದು ನಿಮ್ಮ ಹೆಸರಿನಲ್ಲಿರುವುದು ಅಗತ್ಯವೇ, ಆದರೆ ಅದೊಂದರಿಂದಲೇ ಮಾಲೀಕತ್ವ ಸಿದ್ಧವಾಗುವುದಿಲ್ಲ. ನಿಮ್ಮ ಹಕ್ಕು ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಹೇಳುವುದು ಎರಡು ಪತ್ರಗಳು: ಜಾಗದ ಮಾಲೀಕರು ಬಿಲ್ಡರ್‌ಗೆ ಬರೆದುಕೊಟ್ಟ ಮೂಲ ಗುತ್ತಿಗೆ ಪತ್ರ ಮತ್ತು ಬಿಲ್ಡರ್ ನಿಮಗೆ ಬರೆದುಕೊಟ್ಟ ನೋಂದಾಯಿತ ಪತ್ರ. ಎರಡನೆಯದು ನಿಮ್ಮ ಬೀರುವಿನಲ್ಲಿದೆ. ಮೊದಲನೆಯದನ್ನು ಫ್ಲ್ಯಾಟಿನವರು ನೋಡಿಯೇ ಇಲ್ಲದಿರುವುದು ಸಾಮಾನ್ಯ. ಅದರ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿಗಳ ಕಚೇರಿಯಿಂದ ತೆಗೆಸಿಕೊಳ್ಳಿ. ನಿಮಗೆ ಕೊಟ್ಟಿರುವುದು ಗುತ್ತಿಗೆಯ ಉಳಿದ ಅವಧಿಯ ಪೂರ್ತಿ ಹಕ್ಕೋ ಅಥವಾ ಒಳಗುತ್ತಿಗೆಯೋ, ನೆಲಬಾಡಿಗೆಯನ್ನು ಯಾರು ಕಟ್ಟಬೇಕು, ಅದು ಬಾಕಿಯಾದರೆ ಏನಾಗುತ್ತದೆ, ಅವಧಿ ಮುಗಿದ ಮೇಲೆ ಕಟ್ಟಡದ ಗತಿ ಏನು ಎಂಬ ನಾಲ್ಕು ಸಂಗತಿಗಳನ್ನು ಎರಡೂ ಪತ್ರಗಳಲ್ಲಿ ಗುರುತು ಹಾಕಿಕೊಂಡು ಓದಿ. ನೀವು ಮಾಸಬಾಡಿಗೆಯ ಬಾಡಿಗೆದಾರರಂತೂ ಅಲ್ಲ. ಆದರೆ ನೆಲದ ಮೇಲಿನ ನಿಮ್ಮ ಹಕ್ಕಿಗೆ ಅವಧಿಯ ಮಿತಿಯಿದೆ ಎಂಬುದನ್ನು ಮರೆಯುವಂತಿಲ್ಲ.

ಇದರ ಜೊತೆಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ಪಡೆಯಿರಿ. ಫ್ಲ್ಯಾಟಿಗೆ ಮಾತ್ರ ಇ.ಸಿ. ತೆಗೆಸಿ ಸುಮ್ಮನಾಗಬೇಡಿ; ಗುತ್ತಿಗೆ ಹುಟ್ಟುವ ಮೊದಲಿನ ದಿನಾಂಕದಿಂದ ಇಂದಿನವರೆಗೆ ಇಡೀ ಜಾಗದ ಮೇಲೂ ತೆಗೆಸಿ. ಜಾಗದ ಮಾಲೀಕರು ನೆಲವನ್ನು ಅಡಮಾನ ಮಾಡಿದ್ದರೆ, ಅಥವಾ ಮಾರಿದ್ದರೆ, ಅದರಲ್ಲಿ ಕಾಣಿಸುತ್ತದೆ. ನಮೂನೆ 15 ಬಂದರೆ ವ್ಯವಹಾರಗಳಿವೆ, ನಮೂನೆ 16 ಬಂದರೆ ಆ ಅವಧಿಯಲ್ಲಿ ನೋಂದಾಯಿತ ವ್ಯವಹಾರವಿಲ್ಲ ಎಂದರ್ಥ. ನೋಂದಣಿಯಾಗದ ಕರಾರುಗಳು ಇ.ಸಿ.ಯಲ್ಲಿ ಬರುವುದಿಲ್ಲ. ಇನ್ನೊಂದು ಮುಖ್ಯ ಕಾಗದವಿದೆ. 2016ರ ರೇರಾ ಕಾಯ್ದೆಯ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ, 11ನೇ ಸೆಕ್ಷನ್ ಪ್ರಕಾರ, ಗುತ್ತಿಗೆ ಜಾಗದಲ್ಲಿ ಯೋಜನೆ ಕಟ್ಟುವ ಬಿಲ್ಡರ್ ಗುತ್ತಿಗೆಯ ಅವಧಿಯನ್ನೂ, ಜಾಗಕ್ಕೆ ಸಂಬಂಧಿಸಿದ ಬಾಕಿಗಳೆಲ್ಲ ಸಂದಾಯವಾಗಿವೆ ಎಂಬುದನ್ನೂ ತಿಳಿಸುವ ಗುತ್ತಿಗೆ ಪ್ರಮಾಣಪತ್ರವನ್ನು ಪಡೆದು, ಫ್ಲ್ಯಾಟ್‌ದಾರರ ಸಂಘಕ್ಕೆ ಒದಗಿಸಬೇಕು. ಅದನ್ನು ಬರವಣಿಗೆಯಲ್ಲಿ ಕೇಳಿ.

ಇನ್ನು ತಾರಸಿ. ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್‌ಗಳಿರುವ ನಿಮ್ಮಂಥ ಕಟ್ಟಡ ಸಾಮಾನ್ಯವಾಗಿ ರೇರಾ ವ್ಯಾಪ್ತಿಗೆ ಬರುತ್ತದೆ, ಮತ್ತು ಆ ಕಾಯ್ದೆ ಮೆಟ್ಟಿಲು, ಲಿಫ್ಟ್‌ಗಳ ಜೊತೆಗೆ ತಾರಸಿಯನ್ನೂ ಸಾಮಾನ್ಯ ಪ್ರದೇಶವೆಂದೇ ಎಣಿಸುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೂ ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ ಮತ್ತು ಛಾವಣಿಯನ್ನು ಎಲ್ಲರ ಪಾಲಿನ ಆಸ್ತಿಯೆಂದು ಹೇಳುತ್ತದೆ. ತಾನು ಆ ಭಾಗವನ್ನು ಬಳಸುವುದಿಲ್ಲ ಎಂದ ಮಾತ್ರಕ್ಕೆ ಯಾವ ಮಾಲೀಕನೂ ಸಾಮಾನ್ಯ ಖರ್ಚಿನ ಪಾಲಿನಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂಬುದೂ ಅದರಲ್ಲಿದೆ. ಕೆಳಗಿನ ಮನೆಯವರಿಗೆ ಇದನ್ನು ಸಮಾಧಾನವಾಗಿಯೇ ತಿಳಿಸಿ. ಛಾವಣಿಯ ಕಬ್ಬಿಣ ತುಕ್ಕು ಹಿಡಿದರೆ ಕುಸಿಯುವುದು ನಿಮ್ಮ ಮನೆಯ ಸೀಲಿಂಗ್ ಮಾತ್ರವಲ್ಲ, ಅವರ ಆಸ್ತಿಯ ಬೆಲೆಯೂ ಹೌದು. ಖರ್ಚನ್ನು ಹಂಚುವಾಗ ತಲೆಗಿಷ್ಟು ಎಂದು ಸಮನಾಗಿ ಹಂಚುವುದಕ್ಕಿಂತ, ಪ್ರತಿ ಪತ್ರದ ಷೆಡ್ಯೂಲಿನಲ್ಲಿ ನಮೂದಿಸಿರುವ ಅವಿಭಾಜ್ಯ ಪಾಲಿನ (ಎಲ್ಲರಿಗೂ ಸೇರಿದ ಆಸ್ತಿಯಲ್ಲಿ ಆ ಫ್ಲ್ಯಾಟಿಗಿರುವ ಪಾಲಿನ) ಪ್ರಮಾಣದಲ್ಲಿ ಹಂಚುವುದು ನ್ಯಾಯ, ಮುಂದೆ ತಕರಾರಿಗೂ ಎಡೆಯಿರುವುದಿಲ್ಲ. ಸೀಲಿಂಗಿನ ಪ್ಲಾಸ್ಟರ್ ಬಗ್ಗೆ ನನ್ನ ಅಭಿಪ್ರಾಯ ಹೇಳುವುದಾದರೆ, ಹಾನಿಯ ಮೂಲ ಸಾಮಾನ್ಯ ಛಾವಣಿಯಲ್ಲಿರುವುದರಿಂದ ಅದನ್ನೂ ಸಾಮಾನ್ಯ ಖರ್ಚಿಗೇ ಸೇರಿಸಬೇಕು. ಬಣ್ಣ ನಿಮ್ಮ ಖರ್ಚಿಗಿರಲಿ.

ಬಿಲ್ಡರ್ ಹೇಳುವ ಐದು ವರ್ಷದ ಲೆಕ್ಕ ಅರ್ಧ ಮಾತ್ರ ನಿಜ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯ ದೋಷವನ್ನೋ ಕಾಮಗಾರಿಯ ದೋಷವನ್ನೋ ಬಿಲ್ಡರ್ ಗಮನಕ್ಕೆ ತಂದರೆ, ಅವರು ಮೂವತ್ತು ದಿನಗಳೊಳಗೆ ಹಣ ಪಡೆಯದೆ ಅದನ್ನು ಸರಿಪಡಿಸಬೇಕು ಎಂದು ರೇರಾದ 14ನೇ ಸೆಕ್ಷನ್ ಹೇಳುತ್ತದೆ. ಗಮನಕ್ಕೆ ತಂದದ್ದು ಯಾವಾಗ ಎಂಬುದೇ ಇಲ್ಲಿ ನಿರ್ಣಾಯಕ. ನೀವು ನಾಲ್ಕನೆಯ ಮಳೆಗಾಲದಲ್ಲೇ ಫೋಟೊ ಕಳಿಸಿದ್ದೀರಿ. ಆ ಸಂದೇಶಗಳನ್ನು ಅಳಿಸಬೇಡಿ, ದಿನಾಂಕ ಕಾಣುವಂತೆ ಮುದ್ರಿಸಿಟ್ಟುಕೊಳ್ಳಿ, ಸ್ವಾಧೀನ ಪತ್ರವನ್ನು ಜೊತೆಗಿಟ್ಟು ನೋಂದಾಯಿತ ಅಂಚೆಯಲ್ಲಿ ಬಿಲ್ಡರ್‌ಗೆ ನೋಟಿಸ್ ಕೊಡಿ. ಆಮೇಲೂ ಅವರು ಕದಲದಿದ್ದರೆ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು.

ಹಾಗೆಂದು ದೂರು ಇತ್ಯರ್ಥವಾಗುವವರೆಗೆ ಸೋರುವ ಛಾವಣಿಯ ಕೆಳಗೆ ಕೂರಬೇಡಿ. ನಮ್ಮ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡದಿರುವುದರಿಂದ, ಒದ್ದೆಯಾದ ಕಾಂಕ್ರೀಟಿನ ಮೇಲೆ ಬಳಿದ ವಾಟರ್‌ಪ್ರೂಫಿಂಗ್ ನಿಲ್ಲುವುದಿಲ್ಲ; ಕೆಲಸವೆಲ್ಲ ಬೇಸಿಗೆಯಲ್ಲೇ ಮುಗಿಯಬೇಕು. ಅದಕ್ಕೂ ಮೊದಲು ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಖಚಿತಪಡಿಸಿಕೊಳ್ಳಿ: ಮಳೆನೀರಿನ ಪೈಪಿನ ಬಾಯಿಗೆ ತರಗೆಲೆ ಕಟ್ಟಿಕೊಂಡಿದೆಯೇ, ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆ ಬಿರುಕು ಬಿಟ್ಟಿದೆಯೇ, ನೀರಿನ ಟ್ಯಾಂಕಿನ ಕೆಳಗೆ ಪಾಚಿಗಟ್ಟಿದೆಯೇ ನೋಡಿ, ಬಳಿಕ ಪೈಪು ಮುಚ್ಚಿ ಒಂದು ದಿನ ನೀರು ನಿಲ್ಲಿಸಿ ಪರೀಕ್ಷಿಸಿ. ಮಲೆನಾಡಿನಲ್ಲಿ ತಾರಸಿಯ ಮೇಲೆ ಶೀಟು ಹೊದಿಸುವುದು ರೂಢಿಯೇ, ಮತ್ತು ಅದು ಒಳ್ಳೆಯ ಪರಿಹಾರವೂ ಹೌದು. ಆದರೆ ಅದು ಎಲ್ಲರ ಜಾಗದ ಮೇಲಿನ ನಿರ್ಮಾಣವಾದ್ದರಿಂದ ಸಂಘದ ಸಭೆಯಲ್ಲಿ ಠರಾವಾಗಬೇಕು, ಪಾಲಿಕೆಯ ಅನುಮತಿ ಬೇಕೇ ಎಂದು ವಿಚಾರಿಸಬೇಕು, ಮೂಲ ಗುತ್ತಿಗೆಯಲ್ಲಿ ಹೆಚ್ಚುವರಿ ನಿರ್ಮಾಣಕ್ಕೆ ತಡೆಯಿದ್ದರೆ ಜಾಗದ ಮಾಲೀಕರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ಪಡೆಯಬೇಕು. ನೀವು ನಿಮ್ಮ ದುಡ್ಡಿನಿಂದ ಹಾಕಿಸಿದಿರೆಂದು ಶೀಟಿನ ಕೆಳಗಿನ ಜಾಗ ನಿಮ್ಮದಾಗುವುದಿಲ್ಲ ಎಂಬುದೂ ಆ ಠರಾವಿನಲ್ಲಿರಲಿ.

ಪ್ರಶ್ನೆ: ಸಾಗರದಲ್ಲಿ ಒಂದು ಫ್ಲ್ಯಾಟನ್ನು ಮೂರು ವರ್ಷಕ್ಕೆ ಭೋಗ್ಯಕ್ಕೆ ಹಾಕಿಕೊಂಡಿದ್ದೇನೆ. ಕರಾರು ಛಾಪಾ ಕಾಗದದಲ್ಲಿದೆ, ನೋಂದಣಿಯಾಗಿಲ್ಲ. ಮೇಲಿನ ಮನೆಯ ಬಚ್ಚಲಿನಿಂದ ನೀರು ಜಿನುಗುತ್ತಿದೆ. ಬಾಡಿಗೆ ಇಲ್ಲವಲ್ಲ, ರಿಪೇರಿ ನೀವೇ ಮಾಡಿಸಿ ಎಂದು ಮಾಲೀಕರು ಹೇಳುತ್ತಿದ್ದಾರೆ.
– ಓದುಗರು, ಸಾಗರ

ಉತ್ತರ: ನಿಮ್ಮ ಚಿಂತೆ ಬಚ್ಚಲಿಗಿಂತ ಮೊದಲು ಕರಾರಿನ ಬಗ್ಗೆ ಇರಲಿ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ನೋಂದಣಿಯಾಗಲೇಬೇಕು. ಅದನ್ನು ಸ್ವಾಧೀನ ಅಡಮಾನ, ಅಂದರೆ ಕೊಟ್ಟ ಹಣಕ್ಕೆ ಭದ್ರತೆಯಾಗಿ ಮನೆಯ ಸ್ವಾಧೀನ ಬಿಟ್ಟುಕೊಡುವ ಅಡಮಾನ, ಎಂದು ಬರೆದಿದ್ದರೂ ನೋಂದಣಿ ತಪ್ಪದು. ದೊಡ್ಡ ಮೊತ್ತ ಕೊಟ್ಟಿರುವ ನೀವು ಆ ಫ್ಲ್ಯಾಟಿನ ಇ.ಸಿ. ತೆಗೆಸಿ, ಬ್ಯಾಂಕಿನ ಅಡಮಾನ ಮೊದಲೇ ಇದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಇದ್ದರೆ ಬ್ಯಾಂಕಿನ ಹಕ್ಕೇ ನಿಮಗಿಂತ ಮುಂದು. ಜಿನುಗುವಿಕೆ ಮೇಲಿನ ಮನೆಯ ಟೈಲ್ಸ್ ಸಂದಿನಿಂದಲೋ ಅವರ ಬಚ್ಚಲ ಪೈಪಿನಿಂದಲೋ ಆಗಿದ್ದರೆ ಆ ಮನೆಯ ಮಾಲೀಕರು ಸರಿಪಡಿಸಬೇಕು. ಎಲ್ಲ ಮನೆಗಳ ನೀರು ಇಳಿಯುವ ನೇರ ಪೈಪಿನದಾಗಿದ್ದರೆ ಸಂಘ. ಎರಡರಲ್ಲೂ ನೀವು ಬರುವುದಿಲ್ಲ. ನಿಮ್ಮ ಮಾಲೀಕರೇ ಅವರೊಡನೆ ಮಾತಾಡಿ ಬಗೆಹರಿಸಬೇಕೆಂದು ಪತ್ರ ಬರೆದು, ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಿ.

ಪ್ರಶ್ನೆ: ತೀರ್ಥಹಳ್ಳಿಯವರು ನಾವು. ಮಗನ ಓದಿಗೆಂದು ಶಿವಮೊಗ್ಗದಲ್ಲಿ ಹಳೆಯ ಫ್ಲ್ಯಾಟ್ ಕೊಳ್ಳುತ್ತಿದ್ದೇವೆ. ಮಾರುವವರು ಮೇಂಟೆನೆನ್ಸ್ ಬಾಕಿ ಉಳಿಸಿದ್ದರೆ ಅದು ನಮ್ಮ ತಲೆಗೆ ಬರುತ್ತದೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಬರುತ್ತದೆ. ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಒಳಪಟ್ಟ ಕಟ್ಟಡದಲ್ಲಿ ಸಾಮಾನ್ಯ ಖರ್ಚಿನ ಬಾಕಿ ಫ್ಲ್ಯಾಟಿನ ಮೇಲೆಯೇ ಹೊರೆಯಾಗಿ ಕೂರುತ್ತದೆ, ಕೊಂಡವರೂ ಮಾರಿದವರೂ ಜಂಟಿಯಾಗಿ ಅದಕ್ಕೆ ಹೊಣೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ಸಂಘದಿಂದ ಬಾಕಿಯಿಲ್ಲವೆಂಬ ಪತ್ರವನ್ನೂ, ಕಳೆದ ಸರ್ವಸದಸ್ಯರ ಸಭೆಯ ನಡವಳಿಯನ್ನೂ ಕೇಳಿ ಪಡೆಯಿರಿ. ದೊಡ್ಡ ರಿಪೇರಿಗೆಂದು ವಂತಿಗೆ ಗೊತ್ತುಮಾಡಿ ಇನ್ನೂ ವಸೂಲು ಮಾಡದಿದ್ದರೆ ಆ ನಡವಳಿಯಲ್ಲಿ ಕಾಣುತ್ತದೆ. ಅದನ್ನು ಯಾರು ಕಟ್ಟಬೇಕು ಎಂಬುದನ್ನು ಕ್ರಯಪತ್ರದಲ್ಲೇ ಬರೆಸಿ.