ಹಳೇ ಲ್ಯಾಪ್‌ಟಾಪಿಗೆ ಬಾಳಿಕೆ ಬರುವ ವೈಫೈ ಕಾರ್ಡ್ ಯಾವುದು?

2013ರ ಲ್ಯಾಪ್‌ಟಾಪು, ಕಾಸರಗೋಡಿನ ಕಡಲ ಕರೆಯಲ್ಲಿ ಮನೆ, ವೈಫೈ ಆಗಾಗ ಕಡಿದುಹೋಗುತ್ತದೆ, ಯಾವ ಕಾರ್ಡ್ ಹಾಕಲಿ ಅಂತ ಕೇಳಿದ್ದೀರಿ. ಮೊದಲು ಬ್ಯಾಟರಿ ತೆಗೆದು ಅಡಿ ಮುಚ್ಚಳ ಬಿಚ್ಚಿ. ಉಪ್ಪುಗಾಳಿಗೆ ಕಾರ್ಡಿನ ಪಿನ್ನುಗಳು ಮಂಕಾಗಿರಬಹುದು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಆ್ಯಂಟೆನಾ ವಯರ್ ಎರಡನ್ನೂ ಮತ್ತೆ ಗಟ್ಟಿಯಾಗಿ ಒತ್ತಿ ಕೂರಿಸಿ ನೋಡಿ. ಸರಿಯಾದರೆ ದುಡ್ಡು ಉಳಿಯಿತು, ಅಲ್ವಾ?

ಆಗದಿದ್ದರೆ ಕಾರ್ಡ್ ಕೂರುವ ಸ್ಲಾಟ್ ನೋಡಿ. ಆ ಕಾಲದವುಗಳಲ್ಲಿ ಜಾಸ್ತಿ ಹಾಫ್ ಮಿನಿ ಪಿಸಿಐಇ ಎಂಬ ಹಳೇ ಬಗೆಯ ಸ್ಲಾಟ್ ಇರುತ್ತದೆ, ಅದಕ್ಕೆ ಎಂ.2 ಎಂಬ ಹೊಸ ಬಗೆಯ ಕಾರ್ಡ್ ನೇರವಾಗಿ ಕೂರುವುದಿಲ್ಲ. ಇಂಟೆಲ್ ಎಸಿ 7260ರ ಮಿನಿ ಪಿಸಿಐಇ ಮಾದರಿ ನನ್ನ ಆಯ್ಕೆ: 5 ಗಿಗಾಹರ್ಟ್ಸ್ ವೈಫೈ ಬ್ಯಾಂಡೂ ಸಿಗುತ್ತದೆ, ಲಿನಕ್ಸಿನಲ್ಲೂ ನಡೆಯುತ್ತದೆ. ಇಂಟೆಲಿನದ್ದೇ ಎಎಕ್ಸ್201 ಕಾರ್ಡ್ ಮಾತ್ರ ಬೇಡ, ಅದು ಹೊಸ ಇಂಟೆಲ್ ಬೋರ್ಡುಗಳಿಗೆ ಮಾತ್ರ.

ಇನ್ನೊಂದು ಕಿರಿಕಿರಿ: ಕೆಲವು ಹಳೇ ಥಿಂಕ್‌ಪ್ಯಾಡ್, ಎಚ್‌ಪಿ ಮಾಡೆಲುಗಳ ಬಯಾಸ್ (ಆನ್ ಮಾಡಿದೊಡನೆ ಮೊದಲು ಓಡುವ ಒಳಗಿನ ತಂತ್ರಾಂಶ) ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗಲಿಕ್ಕೇ ಬಿಡುವುದಿಲ್ಲ, ಹಾಗಾಗಿ ನಿಮ್ಮ ಮಾಡೆಲ್ ನಂಬರ್ ಹಾಕಿ ಹುಡುಕಿಯೇ ಕೊಳ್ಳಿ. ಅಂಥದ್ದಾದರೆ ಯುಎಸ್‌ಬಿ ಅಡಾಪ್ಟರೇ ಗತಿ. ಉಗುರಿನಷ್ಟು ಚಿಕ್ಕದು ಬೇಗ ಬಿಸಿಯಾಗುತ್ತದೆ, ಆ್ಯಂಟೆನಾ ಇರುವ ದೊಡ್ಡದನ್ನೇ ತೆಗೆದುಕೊಳ್ಳಿ.