ಮೆಷಿನ್ ಇರುವಾಗ ಚಿಲ್ಲರೆ ಎಣಿಸಲು ಜನ ಯಾಕೆ? ಈ ಕೆಲಸಕ್ಕೆ ಸೇರಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಪಿಯುಸಿ ಆಗಿದೆ, ಮಂಗಳೂರಿನ ಒಂದು ಕ್ಯಾಶ್ ಏಜೆನ್ಸಿಯಲ್ಲಿ (ಅಂಗಡಿ, ದೇವಸ್ಥಾನಗಳ ಹಣ ಎಣಿಸಿ ಬ್ಯಾಂಕಿಗೆ ಕಳಿಸುವ ಕಂಪನಿ) ನೋಟು, ನಾಣ್ಯ ಎಣಿಸುವ ಕೆಲಸ ಸಿಕ್ಕಿದೆ, ಸೋಮವಾರ ಸೇರಬೇಕು. ಎಲ್ಲಾ ಮೆಷಿನ್ನೇ ಎಣಿಸುವಾಗ ನಮಗೆ ಎಂತ ಕೆಲಸ? ಹಣ ಕಡಿಮೆ ಬಂದರೆ ನಾವೇ ಕೊಡಬೇಕಾ?

ನಾನು ಇಂಥದ್ದೇ ಒಂದು ರೂಮಿನಲ್ಲಿ ಆರು ವರ್ಷ ಇದ್ದೆ. ಈಗ ಉಡುಪಿಯಲ್ಲಿ ಒಂದು ಸಹಕಾರಿ ಸಂಘದಲ್ಲಿ ಕ್ಯಾಶಿಯರ್. ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಾನಿದ್ದ ಕಡೆ ಕೊಡಬೇಕಿತ್ತು, ಕೊಟ್ಟಿದ್ದೇನೆ. 312 ರೂಪಾಯಿ. ಆ ಕಥೆ ಹೇಳಿದರೆ ಮೆಷಿನ್ ವಿಷಯವೂ ಅದರಲ್ಲೇ ಬಂದುಹೋಗುತ್ತದೆ.

ಒಂದು ದೇವಸ್ಥಾನದ ಹುಂಡಿಯ ಚಿಲ್ಲರೆ ಬಂದಿತ್ತು. ಹದಿನಾಲ್ಕೋ ಹದಿನೈದೋ ಚೀಲ. ನಾಣ್ಯದ ಮೆಷಿನ್ ನೀವು ನೋಡಿರಲಿಕ್ಕಿಲ್ಲ. ಮೇಲೆ ಸುರಿದರೆ ಒಳಗೆ ತಟ್ಟೆ ತಿರುಗುತ್ತದೆ, ನಾಣ್ಯ ಅಂಚಿಗೆ ಬಂದು ತನ್ನ ಅಳತೆಯ ಕಿಂಡಿಯಲ್ಲಿ ಬೀಳುತ್ತದೆ. ಜೋರು ಮಳೆಗೆ ತಗಡಿನ ಮಾಡು ಬಡಿದ ಹಾಗೆ ಸದ್ದು. ನಾನು ಎರಡು ರೂಪಾಯಿಯ ಕಿಂಡಿಗೆ ಬಿದ್ದದ್ದನ್ನು ನೂರು ನೂರು ಮಾಡಿ ಪ್ಲಾಸ್ಟಿಕ್ ಪ್ಯಾಕೆಟ್ಟಿಗೆ ಹಾಕಿದೆ. ಸುಮ್ನೆ ಹಾಕಲಿಲ್ಲ, ತೂಕವೂ ಮಾಡಿದೆ. ಒಂದೊಂದು ಪ್ಯಾಕೆಟ್ಟೂ 485 ಗ್ರಾಂ, ಸರಿಯಾಗಿಯೇ ಇತ್ತು. ಸ್ಲಿಪ್ ಮೇಲೆ ಸಹಿ ಹಾಕಿ ಕಳಿಸಿದೆ.

ಮೂರನೇ ದಿನ ಬ್ಯಾಂಕಿನಿಂದ ಫೋನ್. 312 ರೂಪಾಯಿ ಶಾರ್ಟ್. ಲೆಕ್ಕಕ್ಕೆ ಒಂದು ನಾಣ್ಯವೂ ಕಡಿಮೆ ಇರಲಿಲ್ಲ. ಎರಡು ರೂಪಾಯಿಯ ಪ್ಯಾಕೆಟ್ಟುಗಳ ಒಳಗೆ 312 ಒಂದು ರೂಪಾಯಿಯ ನಾಣ್ಯ ಕೂತಿದ್ದವು, ಅಷ್ಟೇ.

ಹೇಗೆ ಅಂತ ಕೇಳಿ. 1992ರಿಂದ ಬರುತ್ತಿದ್ದ ಹಳೆ ಸ್ಟೀಲಿನ ಒಂದು ರೂಪಾಯಿ ಇದೆಯಲ್ಲ, ಎರಡು ಬದಿಗೆ ತೆನೆ ಇರುವುದು, ಅದರ ಅಡ್ಡಳತೆ 25 ಮಿಲಿಮೀಟರ್, ತೂಕ 4.85 ಗ್ರಾಂ. ಆಮೇಲೆ ಬಂದ, ಹೆಬ್ಬೆರಳು ಎತ್ತಿದ ಕೈಯ ಚಿತ್ರ ಇರುವ ಒಂದು ರೂಪಾಯಿಯೂ ಅಷ್ಟೇ. 2011ರಲ್ಲಿ ರೂಪಾಯಿ ಚಿಹ್ನೆ ಹಾಕಿ ಹೊಸ ನಾಣ್ಯ ತಂದಾಗ ಒಂದು, ಎರಡು ರೂಪಾಯಿಯನ್ನು ಸಣ್ಣದು ಮಾಡಿದರು. ಆಗ ಬಂದ ಎರಡು ರೂಪಾಯಿಯ ಅಳತೆ 25 ಮಿಲಿಮೀಟರ್, ತೂಕ 4.85 ಗ್ರಾಂ! ಲೋಹವೂ ಅದೇ ಸ್ಟೇನ್‌ಲೆಸ್ ಸ್ಟೀಲ್. ಮೆಷಿನ್ನಿಗೂ ಗೊತ್ತಾಗುವುದಿಲ್ಲ, ತಕ್ಕಡಿಗೂ ಗೊತ್ತಾಗುವುದಿಲ್ಲ. ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ. ಅದೂ ನೋಡಿದರೆ.

ಈಚಿನ ವರ್ಷಗಳಲ್ಲಿ ಇದು ಇನ್ನೂ ಜಾಸ್ತಿ ಆಗಿದೆ. 2019ರಲ್ಲಿ ಮತ್ತೊಂದು ಸರಣಿ ಬಂತು, ಅದರ ಐದು ರೂಪಾಯಿಯೂ 25 ಮಿಲಿಮೀಟರ್. ಅದು 6.74 ಗ್ರಾಂ ಇರುವುದರಿಂದ ತೂಕದಲ್ಲಾದರೂ ಸಿಕ್ಕಿಬೀಳುತ್ತದೆ. ಅದೇ ಸರಣಿಯ ಎರಡು ರೂಪಾಯಿ 23 ಮಿಲಿಮೀಟರ್, ಹಳೆಯ ಐದು ರೂಪಾಯಿಯೂ 23. ಹತ್ತು ಮತ್ತು ಇಪ್ಪತ್ತು ಎರಡೂ 27. ಇಪ್ಪತ್ತಕ್ಕೆ ಹನ್ನೆರಡು ಮೂಲೆ ಇದೆ, ಬೆರಳಿಗೆ ಸಿಗುತ್ತದೆ, ಅದೊಂದು ಪುಣ್ಯ. ಈ ಅಳತೆಗಳನ್ನು ಯಾರು ಕೂತು ನಿರ್ಧಾರ ಮಾಡಿದರೋ, ಅವರು ಒಂದು ದಿನ ಹುಂಡಿ ಎಣಿಸಲು ಬರಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ನಮ್ಮ ಏಜೆನ್ಸಿಯವರು ಆ 312 ರೂಪಾಯಿಯನ್ನು ನನ್ನ ಸಂಬಳದಲ್ಲಿ ಹಿಡಿದರು. ಸಹಿ ನನ್ನದಲ್ವಾ. ಹಣ ದೊಡ್ಡದಲ್ಲ, ಆದರೆ ತುಂಬಾ ಬೇಜಾರಾಗಿತ್ತು. ಕದ್ದವನ ಹಾಗೆ ಎಲ್ಲರೆದುರು ಸ್ಲಿಪ್ ತೋರಿಸಿ ಕೇಳಿದ್ದರು. ಆಮೇಲೆ ನಮ್ಮ ರೂಮಿನ ಹಿರಿಯರೊಬ್ಬರು, ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿ ನಿವೃತ್ತರಾದವರು, ನನ್ನನ್ನು ಪಕ್ಕಕ್ಕೆ ಕರೆದು ಒಂದು ಹರಿವಾಣ ತೆಗೆದುಕೊಂಡರು. ಮೆಷಿನ್ನಿಂದ ಬಂದ ನೂರು ನಾಣ್ಯ ಅದಕ್ಕೆ ಸುರಿದರು. ಅಂಗೈಯಲ್ಲಿ ಒಮ್ಮೆ ಸವರಿದರು, ಎಲ್ಲಾ ಒಂದೇ ಪದರವಾಗಿ ಹರಡಿತು. ಮತ್ತೆ ಎರಡು ಬೆರಳಲ್ಲಿ ಐದೈದು ಎಳೆಯುತ್ತಾ ಹೋದರು. ತೆನೆ ಕಂಡಲ್ಲಿ ಬೆರಳು ತಾನಾಗಿ ನಿಲ್ಲುತ್ತಿತ್ತು. ನೂರು ನಾಣ್ಯಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಸಿಂಹದ ಮುಖ ಮೇಲೆ ಬಂದ ನಾಣ್ಯವನ್ನು ಮಾತ್ರ ಮಗುಚಿ ನೋಡುತ್ತಿದ್ದರು. ಆ ದಿನದಿಂದ ನಾನು ಹರಿವಾಣ ಇಲ್ಲದೆ ಒಂದು ಪ್ಯಾಕೆಟ್ಟಿಗೂ ಸಹಿ ಹಾಕಿದ್ದಿಲ್ಲ. ಮನುಷ್ಯರಿಗೆ ಎಂತ ಕೆಲಸ ಅಂದಿರಲ್ಲ, ಇದೇ. ಎಣಿಸಿದ್ದು ಮೆಷಿನ್ನೇ ಆದರೂ ಕೇಳುವುದು ನಿಮ್ಮನ್ನು.

ಹುಂಡಿಯಲ್ಲಿ ಬೇರೆಯೂ ಉಂಟು. ಕುಂಕುಮ, ಗಂಧ, ಕರ್ಪೂರದ ಪುಡಿ. ಇದು ನೋಟಿನ ಮೆಷಿನ್ನಿನ ಸೆನ್ಸರಿಗೆ ಹಿಡಿದರೆ ಒಳ್ಳೆಯ ನೋಟನ್ನೂ ಹೊರಗೆ ದೂಡುತ್ತದೆ, ಹಾಗಾಗಿ ಮೊದಲು ಕೈಯಲ್ಲಿ ಕೊಡವಿ ಬಿಡಿಸಬೇಕು. ಎಂಟಾಗಿ ಮಡಚಿದ ಹತ್ತರ ನೋಟು, ದಾರ ಕಟ್ಟಿದ ಹರಕೆ ನಾಣ್ಯ, ಬೆಳ್ಳಿಯ ಕಣ್ಣು. ನಮ್ಮ ಊರಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ ಇರುತ್ತಾರಲ್ಲ, ದಿರ್ಹಮ್, ರಿಯಾಲ್ ಕೂಡ ಬರುತ್ತದೆ. 2016ರಲ್ಲಿ ಬಂದ್ ಆದ ಐನೂರು, ಸಾವಿರದ ನೋಟು ಎಷ್ಟೋ ವರ್ಷದ ನಂತರವೂ ಸಿಗುತ್ತಿತ್ತು. ಯಾರದೋ ಅಜ್ಜಿಯ ಪೆಟ್ಟಿಗೆಯಲ್ಲಿ ಉಳಿದದ್ದು, ಎಲ್ಲೂ ನಡೆಯುವುದಿಲ್ಲ ಅಂತ ದೇವರಿಗೆ ಹಾಕಿರಬೇಕು. ನಾಲ್ಕಾಣೆಯೂ ಹಾಗೆಯೇ. 2011ರ ಜೂನ್ ಕೊನೆಗೆ ಅದರ ಚಲಾವಣೆ ನಿಂತಿತು, ಹುಂಡಿಯಲ್ಲಿ ನಿಂತಿಲ್ಲ.

ನೋಟಿನ ಕೆಲಸ ಇದಕ್ಕಿಂತ ಸುಲಭ. ಸೀಲ್ ಹಾಕಿದ ಚೀಲ ಬರುತ್ತದೆ, ಪೆಟ್ರೋಲ್ ಬಂಕಿನದ್ದು, ಆಸ್ಪತ್ರೆಯದ್ದು, ಬಟ್ಟೆ ಅಂಗಡಿಯದ್ದು. ಸೀಲ್ ನಂಬರ್ ನೋಡಿ, ಇಬ್ಬರ ಎದುರು, ಕ್ಯಾಮೆರಾದ ಕೆಳಗೆ ಬಿಚ್ಚುವುದು. ನೂರು ನೋಟಿಗೆ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್ಟಿಗೆ ಒಂದು ಬಂಡಲ್. ಪ್ಯಾಕೆಟ್ಟಿಗೆ ಕಾಗದದ ಪಟ್ಟಿ, ಅದರ ಮೇಲೆ ನಿಮ್ಮ ಸಹಿ. 2001ರಲ್ಲಿ ರಿಸರ್ವ್ ಬ್ಯಾಂಕು ನೋಟಿಗೆ ಪಿನ್ ಹೊಡೆಯುವುದನ್ನು ನಿಲ್ಲಿಸಿತು. ಅದಕ್ಕೆ ಮೊದಲಿನ ಕ್ಯಾಶಿಯರುಗಳು ಪಿನ್ ಕಿತ್ತೇ ಉಗುರು ಕಳೆದುಕೊಂಡವರು. ನಮಗೆ ಆ ಕಷ್ಟ ಇಲ್ಲ.

ನಮ್ಮ ಕಷ್ಟ ಮಳೆಗಾಲ. ಜೂನ್ ಬಂತೆಂದರೆ ನೋಟು ಹಪ್ಪಳದ ಹಾಗೆ ಮೆತ್ತಗಾಗುತ್ತದೆ, ಎರಡೆರಡು ಅಂಟಿಕೊಂಡು ಹೋಗುತ್ತದೆ. ಫ್ಯಾನ್ ಹಾಕುವ ಹಾಗಿಲ್ಲ, ನೋಟು ಹಾರುತ್ತದೆ. ಮಳೆ ಬಿಟ್ಟು ಮೀನುಗಾರಿಕೆ ಶುರುವಾದ ಮೇಲೆ ಇನ್ನೊಂದು ಥರ. ಮಲ್ಪೆಯಿಂದ, ಮಂಗಳೂರಿನ ದಕ್ಕೆಯಿಂದ ಬರುವ ಹಣವನ್ನು ಚೀಲ ಬಿಚ್ಚುವ ಮೊದಲೇ ಮೂಗಿನಲ್ಲಿ ಗುರುತು ಹಿಡಿಯಬಹುದು. ಒಮ್ಮೆ ಒಂದು ಪ್ಯಾಕೆಟ್ಟನ್ನು ಮೆಷಿನ್ ನಾಲ್ಕು ಸಲ ಹೊರಗೆ ಹಾಕಿತು, ನಾಲ್ಕು ಸಲವೂ ಒಂದೇ ನೋಟಿನ ಹತ್ತಿರ ನಿಂತಿತು. ತೆಗೆದು ನೋಡಿದರೆ ನೂರರ ನೋಟಿನ ಮೇಲೆ ಒಂದು ಮೀನಿನ ಪೊರೆ. ಒಣಗಿ ಗಾಜಿನ ಹಾಗೆ ಹಿಡಿದುಕೊಂಡಿತ್ತು. ಉಗುರಿನಲ್ಲಿ ಕೆರೆದು ತೆಗೆದೆ, ನೋಟು ಪಾಸ್ ಆಯಿತು.

ಖೋಟಾ ನೋಟು ಸಿಕ್ಕಿದರೆ ಹೆದರಬೇಡಿ, ಆದರೆ ತಕ್ಷಣ ಕೂಗಿ ಹೇಳಿ. ಪಕ್ಕಕ್ಕೆ ಇಟ್ಟು ಆಮೇಲೆ ಹೇಳುತ್ತೇನೆ ಅಂದುಕೊಂಡರೆ ನೀವೇ ಬದಲಿಸಿದಿರಿ ಅನ್ನುವ ಮಾತು ಬರುತ್ತದೆ. ಬ್ಯಾಂಕಿನ ಕೌಂಟರಿನಲ್ಲಾದರೆ ಅದಕ್ಕೆ ಮುದ್ರೆ ಒತ್ತಿ ಇಟ್ಟುಕೊಂಡು ರಸೀದಿ ಕೊಡುತ್ತಾರೆ, ವಾಪಸ್ ಕೊಡುವ ಹಾಗಿಲ್ಲ. ಒಂದೇ ಸಲಕ್ಕೆ ನಾಲ್ಕರವರೆಗೆ ಸಿಕ್ಕಿದರೆ ತಿಂಗಳ ಕೊನೆಗೆ ಒಟ್ಟಿಗೆ ಪೊಲೀಸರಿಗೆ ವರದಿ, ಐದು ಅಥವಾ ಹೆಚ್ಚಾದರೆ ದೂರು ಕೊಡಬೇಕು. ಹೊಸ ಐನೂರರಲ್ಲಿ ನಾನು ಮೊದಲು ನೋಡುವುದು ದಾರ. ಓರೆ ಮಾಡಿದರೆ ಹಸಿರು ಹೋಗಿ ನೀಲಿ ಆಗಬೇಕು. ಒಂದು ತಿಂಗಳಾದ ಮೇಲೆ ನೋಡುವ ಮೊದಲೇ ಬೆರಳು ಹೇಳುತ್ತದೆ.

ಚಿಲ್ಲರೆ ಯಾರಿಗೂ ಬೇಡ, ಅದನ್ನೂ ತಿಳಿದುಕೊಂಡಿರಿ. ಹತ್ತರ ನಾಣ್ಯ ನಡೆಯುವುದಿಲ್ಲ ಅಂತ ಅಂಗಡಿಯವರು ಇವತ್ತಿಗೂ ಹೇಳುತ್ತಾರೆ. ಹದಿನಾಲ್ಕು ವಿನ್ಯಾಸದಲ್ಲಿ ಬಂದಿದೆ, ಎಲ್ಲವೂ ನಡೆಯುತ್ತದೆ ಅಂತ ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿಯಾಗಿದೆ. ಬ್ಯಾಂಕಿನ ಶಾಖೆಗಳೂ ನಾಣ್ಯ ಬೇಡ ಅನ್ನುವ ಹಾಗಿಲ್ಲ. ಒಂದು, ಎರಡರ ನಾಣ್ಯವನ್ನು ತೂಕ ಮಾಡಿ ತೆಗೆದುಕೊಳ್ಳಬಹುದು, ನೂರರ ಪ್ಲಾಸ್ಟಿಕ್ ಪ್ಯಾಕೆಟ್ ಆದರೆ ಒಳ್ಳೆಯದು ಅಂತ ರಿಸರ್ವ್ ಬ್ಯಾಂಕಿನ ಸೂಚನೆಯಲ್ಲೇ ಇದೆ. ತೂಕದ ಕಥೆ ನಿಮಗೆ ಈಗ ಗೊತ್ತಾಯಿತಲ್ಲ. ನಮ್ಮ ಹಿರಿಯರು ಚಿಲ್ಲರೆಗೆ ಯಾರಾದರೂ ಮುಖ ಸಿಂಡರಿಸಿದರೆ, 1928ರಲ್ಲಿ ಪಿಗ್ಮಿ ಶುರುವಾದದ್ದೇ ದಿನಕ್ಕೆ ಎರಡಾಣೆಯಲ್ಲಿ, ಇದೇ ಉಡುಪಿಯಲ್ಲಿ ಅಂತ ಬಯ್ಯುತ್ತಿದ್ದರು.

ದೇಹದ ವಿಷಯ: ಹತ್ತು ರೂಪಾಯಿಯ ಎರಡು ಸಾವಿರ ನಾಣ್ಯದ ಚೀಲ ಹದಿನೈದು ಕಿಲೋ ದಾಟುತ್ತದೆ. ಬಗ್ಗಿ ಎಳೆಯಬೇಡಿ, ಇಬ್ಬರು ಹಿಡಿಯಿರಿ. ನನ್ನ ಸೊಂಟ ಮೂರನೇ ವರ್ಷಕ್ಕೇ ಹಿಡಿದದ್ದು. ಮಾಸ್ಕ್ ಹಾಕಿ. ಸಂಜೆಗೆ ಬೆರಳು ಕಪ್ಪಾಗುತ್ತದೆ, ತೆಂಗಿನೆಣ್ಣೆ ಹಚ್ಚಿ ಉಜ್ಜಿ ಆಮೇಲೆ ಸೋಪು ಹಾಕಿದರೆ ಹೋಗುತ್ತದೆ. ಎಂಜಲು ಹಚ್ಚಿ ಎಣಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ ಮಾರಾಯ್ರೆ, ಸ್ಪಂಜು ಕೊಡುತ್ತಾರೆ.

ಸೇರಬಹುದಾ? ಸೇರಿ, ಆದರೆ ಹತ್ತು ವರ್ಷ ಇರುವ ಲೆಕ್ಕ ಹಾಕಬೇಡಿ. ಸಂಬಳ ಏರುವುದು ನಿಧಾನ. ಕ್ಯಾಶಿನಲ್ಲಿ ಎರಡು ಮೂರು ವರ್ಷ ಕೆಟ್ಟ ಹೆಸರಿಲ್ಲದೆ ದುಡಿದವರು ಸಹಕಾರಿ ಸಂಘಕ್ಕೆ ಬೇಕಾಗುತ್ತಾರೆ, ನಾನು ಬಂದದ್ದೇ ಹಾಗೆ. ಸೇರುವ ಮೊದಲು ನೇಮಕದ ಪತ್ರದಲ್ಲಿ ಶಾರ್ಟ್ ಬಂದರೆ ಯಾರ ಮೇಲೆ, ಎಷ್ಟರವರೆಗೆ ಅಂತ ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ಬಾಯಿ ಬಿಟ್ಟು ಕೇಳಿ. ನಾನು ಕೇಳಿರಲಿಲ್ಲ. ಜಾಸ್ತಿ ಬಂದರೂ ಹೇಳಬೇಕು, ಅದು ಮತ್ಯಾರದೋ ಚೀಲದ ಶಾರ್ಟ್ ಆಗಿರುತ್ತದೆ. ಪಕ್ಕದವರು ಊಟಕ್ಕೆ ಹೋಗುವಾಗ "ನನ್ನದೊಂದು ಸಹಿ ಹಾಕಿಬಿಡು" ಅಂದರೆ, ಎಷ್ಟೇ ಸ್ನೇಹ ಇದ್ದರೂ ಬೇಡ. ಮೇಜು ಬಿಟ್ಟು ಏಳುವಾಗ ಎರಡೂ ಅಂಗೈ ಕ್ಯಾಮೆರಾಕ್ಕೆ ತೋರಿಸಿ ಏಳಿ. ಮೊದಲು ನಾಚಿಕೆ ಆಗುತ್ತದೆ, ಒಂದು ವಾರದಲ್ಲಿ ಮನೆಯಲ್ಲಿ ಊಟದ ತಟ್ಟೆ ಬಿಟ್ಟು ಏಳುವಾಗಲೂ ತೋರಿಸುತ್ತೀರಿ. ನನ್ನ ಹೆಂಡತಿ ಈಗಲೂ ನಗುತ್ತಾಳೆ.

ಒಳಗೆ ಹೋಗುವಾಗ ಕಿಸೆಯಲ್ಲಿ ಎಷ್ಟು ಇದೆ ಅಂತ ಪುಸ್ತಕದಲ್ಲಿ ಬರೆಸುತ್ತಾರೆ. ಹಾಗಾಗಿ ಸೋಮವಾರ ಬಸ್ಸಿನಿಂದ ಇಳಿಯುವಾಗ ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಹೊರಗೆಯೇ ಚಾ ಕುಡಿದು ಮುಗಿಸಿ. ಒಂದೇ ಒಂದು ನೂರರ ನೋಟು ಇಟ್ಟುಕೊಂಡು ಹೋದರೆ ಬರೆಸಲು ಸುಲಭ.