ಪ್ರತಿಕ್ರಿಯೆ: ಲ್ಯೂಕ್ ಪಾತ್ರವನ್ನು ಕೆಡಿಸಿದರಾ?

ಡಾರ್ತ್ ವೇಡರ್‌ನಂಥ ಖಳ ಅಪ್ಪನಲ್ಲೂ ಒಳ್ಳೆಯತನ ಕಂಡ ಸ್ಟಾರ್ ವಾರ್ಸ್ ನಾಯಕ ಲ್ಯೂಕ್, ಮಲಗಿದ್ದ ಸೋದರಳಿಯ ಬೆನ್ ಮೇಲೆ ಲೈಟ್‌ಸೇಬರ್ (ಬೆಳಕಿನ ಕತ್ತಿ) ಎತ್ತೋದು ಹೇಗೆ ಸಾಧ್ಯ ಅಂತ ಕೇಳಿದ್ದೀರಿ. 2017ರ ‘ದಿ ಲಾಸ್ಟ್ ಜೇಡೈ’ ಬಂದಾಗಿನಿಂದ ಸ್ಟಾರ್ ವಾರ್ಸ್ ಅಭಿಮಾನಿಗಳು ಕಿತ್ತಾಡುತ್ತಿರೋದು ಇದಕ್ಕೇ.

ನನ್ನ ಮಟ್ಟಿಗೆ ಸಾಧ್ಯ. 1983ರ ‘ರಿಟರ್ನ್ ಆಫ್ ದ ಜೇಡೈ’ ಕೊನೆಯ ಭಾಗ ಇನ್ನೊಮ್ಮೆ ನೋಡಿ. ಸೋದರಿ ಲಿಯಾಳನ್ನು ಕೆಟ್ಟ ದಾರಿಗೆ ಎಳೆಯುವ ಮಾತು ವೇಡರ್ ಬಾಯಿಂದ ಬಂದ ಕೂಡಲೇ ಲ್ಯೂಕ್ ಸಿಟ್ಟಿನಿಂದ ಮುಗಿಬಿದ್ದು ಅವನ ಕೈ ಕತ್ತರಿಸುತ್ತಾನೆ. ಆಯುಧ ಎಸೆಯೋದು ಆಮೇಲೆ. ನಮಗೆ ನೆನಪಿರೋದು ಎಸೆದದ್ದಷ್ಟೇ! ‘ದಿ ಲಾಸ್ಟ್ ಜೇಡೈ’ ಬೆನ್ ಮೇಲೆ ಲೈಟ್‌ಸೇಬರ್ ಎತ್ತಿದ ಆ ರಾತ್ರಿಯ ಕಥೆಯನ್ನು ಮೂರು ಸಲ ಹೇಳುತ್ತದೆ. ಲ್ಯೂಕ್ ನಿಜಕ್ಕೂ ಕೊಲ್ಲಲು ಬಂದಂತೆ ಕಾಣೋದು ಬೆನ್ ಹೇಳುವಾಗ ಮಾತ್ರ. ಕೊನೆಯ ಸಲ ನೋಡಿದರೆ ಅರೆಕ್ಷಣದ ದುಡುಕು, ಕೂಡಲೇ ನಾಚಿಕೆ. ಅಷ್ಟರಲ್ಲಿ ಹುಡುಗನಿಗೆ ಎಚ್ಚರವಾಗಿತ್ತು.

ಇನ್ನು ಲ್ಯೂಕ್ ಆಮೇಲೆ ದ್ವೀಪದಲ್ಲಿ ಅಡಗಿದ್ದಕ್ಕೆ ‘ದಿ ಲಾಸ್ಟ್ ಜೇಡೈ’ ನಿರ್ದೇಶಕ ರಯಾನ್ ಜಾನ್ಸನ್ ಒಬ್ಬರನ್ನೇ ಬೈಯೋದು ಸರಿಯಲ್ಲ. ಅವನನ್ನು ಅಲ್ಲಿ ಕೂರಿಸಿದ್ದು 2015ರ ಜೆ.ಜೆ. ಏಬ್ರಮ್ಸ್ ಚಿತ್ರ. ಗೆಳೆಯರು ಕಷ್ಟದಲ್ಲಿದ್ದರೂ ಬಾರದವನಿಗೆ ಏನಾದರೂ ಕಾರಣ ಕೊಡಬೇಕಿತ್ತಲ್ಲ. ಲ್ಯೂಕ್‌ನ ಗುರುಗಳಾದ ಯೋಡಾ, ಓಬಿ-ವಾನ್ ಕೂಡ ಸೋತ ಮೇಲೆ ತಲೆಮರೆಸಿಕೊಂಡವರೇ.

ಹಾಗಂತ ನಿಮ್ಮ ಬೇಸರವನ್ನು ತಳ್ಳಿಹಾಕಲಾರೆ. ಲ್ಯೂಕ್ ಪಾತ್ರ ಮಾಡಿದ ಸ್ವತಃ ಮಾರ್ಕ್ ಹ್ಯಾಮಿಲ್ ಈ ಲ್ಯೂಕ್‌ನನ್ನು ಒಪ್ಪೋದು ಕಷ್ಟ ಅಂತ ಬಹಿರಂಗವಾಗಿ ಹೇಳಿದ್ದರು. ಹೇಳಬಾರದಿತ್ತು ಅಂತ ಆಮೇಲೆ ಅಂದರು. ಅಷ್ಟು ವರ್ಷಗಳ ಬದಲಾವಣೆಯನ್ನು ಫ್ಲ್ಯಾಶ್‌ಬ್ಯಾಕ್ ತುಣುಕುಗಳಲ್ಲಿ ಮುಗಿಸಿದ್ದು ನನಗೂ ಸಾಲಲಿಲ್ಲ. ಹೊಸ ಚಿತ್ರಗಳ ನಾಯಕಿ ರೇ ಕೊಟ್ಟ ಲೈಟ್‌ಸೇಬರನ್ನು ಲ್ಯೂಕ್ ಭುಜದ ಮೇಲಿಂದ ಹಿಂದಕ್ಕೆ ಎಸೆಯೋ ತಮಾಷೆಯಂತೂ ಬೇಡವಾಗಿತ್ತು. ಅದಕ್ಕಿಂತ ಕೆಟ್ಟದ್ದು, 2019ರ ಚಿತ್ರದಲ್ಲಿ ಲ್ಯೂಕ್‌ನ ಆತ್ಮವೇ ಬಂದು ಆಯುಧಕ್ಕೆ ಗೌರವ ಕೊಡಬೇಕು ಅಂತ ರೇಗೆ ಬುದ್ಧಿ ಹೇಳಿದ್ದು. ಸಿಟ್ಟಾದ ಅಭಿಮಾನಿಗಳ ಕಾಲು ಹಿಡಿದ ಹಾಗಿತ್ತು.